ಕಾರಿನ ಮೂಗು

“ಎಂತದಿದು, ಅನಾನಸಾ?” ಎಂದರು ಅಪ್ಪ.

ಊಟದ ಮೇಜಿನ ಮೇಲೆ ಹರಡಿದ್ದ ಸಾಮಾನಿನಲ್ಲಿ ಅವರ ಕಣ್ಣಿಗೆ ಮೊದಲು ಬಿದ್ದದ್ದು ಕೆಂಪು ಫಿಲ್ಟರ್. ಮೊನೆ ಕತ್ತರಿಸಿದ ಶಂಕುವಿನ ಆಕಾರ, ಮೈತುಂಬ ನೆರಿಗೆ, ನೆರಿಗೆಯ ಮೇಲೆ ತಂತಿಬಲೆ, ಮುಟ್ಟಿದರೆ ಬೆರಳಿಗೆ ಎಣ್ಣೆ. ಪಕ್ಕದಲ್ಲಿ ಎರಡೂವರೆ ಇಂಚಿನ ಅಲ್ಯುಮಿನಿಯಂ ಪೈಪು, ನೀಲಿ ಸಿಲಿಕೋನ್ ಹೋಸಿನ ಎರಡು ತುಂಡು, ಆರು ಹೋಸ್ ಕ್ಲಿಪ್ಪು. 2013ರ ಏಪ್ರಿಲ್. ಪಶ್ಚಿಮ ಮಾಂಬಲದ ನಮ್ಮ ನೆಲಮಹಡಿಯ ಫ್ಲ್ಯಾಟಿನಲ್ಲಿ ಫ್ಯಾನಿನ ಅಡಿಯಲ್ಲಿ ಕೂತರೂ ಬೆವರು ಇಳಿಯುವ ಕಾಲ.

“ಇಂಜಿನ್ ಗಾಳಿ ಎಳ್ಕೊಳ್ಳೋದು ಇದರಲ್ಲಿ ಅಪ್ಪ. ಈಗಿರೋದು ಇಕ್ಕಟ್ಟು. ಇದು ಹಾಕಿದ್ರೆ ಚೆನ್ನಾಗಿ ಉಸಿರಾಡ್ತದೆ.”

“ಹಾಗಾದ್ರೆ ಮೂಗು ಅಂತ ಹೇಳು,” ಎಂದು ಅದನ್ನೊಮ್ಮೆ ಮೂಸಿ ನೋಡಿ ಕೆಳಗಿಟ್ಟರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಮೂಗು.

ಅಪ್ಪ ಉಡುಪಿಯ ಕಡೆಯಿಂದ 1958ರಲ್ಲಿ ಮದ್ರಾಸಿಗೆ ಬಂದವರು, ಹದಿನೆಂಟರ ಹುಡುಗ. ಮೈಲಾಪುರದ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುವಾಗಿ, ಒಲೆಯ ಮುಂದೆ ಹನ್ನೆರಡು ವರ್ಷ ನಿಂತು, ಕಡೆಗೆ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ನಮ್ಮೊಡನೆ ಇದ್ದರು. ಹೊತ್ತು ಹೋಗುತ್ತಿರಲಿಲ್ಲ. ನಾನು ಬ್ಯಾಂಕಿನವನು, ಬಲ್ಬು ಬದಲಾಯಿಸುವುದಕ್ಕೂ ಎಲೆಕ್ಟ್ರಿಷಿಯನ್ನನ್ನು ಕರೆಯುವವನು. ಇಂಥವನು ಇಂಜಿನ್ನಿಗೆ ಕೈ ಹಾಕಹೊರಟಿದ್ದೇಕೆ ಎಂದು ಹೆಂಡತಿ ಕೇಳಿದಾಗ ನಾನು ಹೇಳಿದ್ದು ಮೈಲೇಜಿನ ಕಾರಣ. ಅದು ಸುಳ್ಳು. ನಿಜವಾದ ಕಾರಣ ಒಂದು ಶಬ್ದ.

ಆ ಶಬ್ದ ನನ್ನ ಕಿವಿಗೆ ಬಿದ್ದದ್ದು ಹನ್ನೊಂದನೇ ವಯಸ್ಸಿನಲ್ಲಿ, ಶೋಳಾವರಂನಲ್ಲಿ. ಮದ್ರಾಸಿನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನಪಟ್ಟಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ರೇಸ್ ನಡೆಸುತ್ತಿದ್ದರು. 1990ರ ಹೊತ್ತಿಗೆ ಇರುಂಗಾಟ್ಟುಕೋಟೈಯಲ್ಲಿ ಹೊಸ ಟ್ರ್ಯಾಕ್ ಆಗುವ ತನಕ ದೇಶದ ರೇಸ್ ಹುಚ್ಚರಿಗೆಲ್ಲ ಅದೇ ಯಾತ್ರಾಸ್ಥಳ. ಅಪ್ಪನ ಹೋಟೆಲಿನಿಂದ ಯಾರಿಗೋ ಊಟದ ಪೊಟ್ಟಣಗಳು ಹೋಗಬೇಕಿತ್ತು. ವ್ಯಾನಿನಲ್ಲಿ ಪುಳಿಯೋಗರೆ, ಮೊಸರನ್ನದ ನಡುವೆ ನನ್ನನ್ನೂ ಕೂರಿಸಿಕೊಂಡರು. ಅಲ್ಲಿ ಬಿಸಿಲು, ಧೂಳು, ಕಾಂಕ್ರೀಟು. ಕಾರುಗಳು ನನಗೆ ಸರಿಯಾಗಿ ಕಾಣಲಿಲ್ಲ, ಮುಂದೆ ದೊಡ್ಡವರ ಬೆನ್ನು. ಆದರೆ ಕೇಳಿಸಿತು. ಸೈಲೆನ್ಸರಿನಿಂದ ಬರುವ ಅಬ್ಬರ ಒಂದು. ಅದರೊಳಗೇ ಇನ್ನೊಂದು, ಮುಂದುಗಡೆಯಿಂದ ಬರುವ, ಏನನ್ನೋ ಹೀರಿಕೊಳ್ಳುವ ಗೊಗ್ಗರು ದನಿ. ಒಬ್ಬರು ತಾತ ಹೇಳಿದರು: ರೇಸ್ ಕಾರಿನ ಕಾರ್ಬ್ಯುರೇಟರಿಗೆ ಫಿಲ್ಟರ್ ಡಬ್ಬ ಇರುವುದಿಲ್ಲ, ಬಾಯಿ ತೆರೆದೇ ಇರುತ್ತದೆ, ಅದು ಗಾಳಿ ನುಂಗುವ ಸದ್ದು ಎಂದು.

ಹೋಟೆಲಿನವರ ಮಗನಾಗಿ ಕಾರನ್ನು ಹತ್ತಿರದಿಂದ ನೋಡಿದ್ದು ಇನ್ನೊಂದೇ ಕಡೆ. ಕಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್. ನಮ್ಮ ಕಡೆಯವರೇ ಆದ ಕೆ. ಕೃಷ್ಣರಾಯರು 1962ರಲ್ಲಿ ತೆರೆದದ್ದು. ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. ನಾವು ಬಸ್ಸಿಳಿದು ನಡೆದೇ ಒಳಗೆ ಹೋಗಿ ಮೇಜಿನ ಮುಂದೆ ಕೂರುತ್ತಿದ್ದೆವು. ಹೆರಾಲ್ಡು, ಫಿಯೆಟ್ಟು, ಅಂಬಾಸಿಡರುಗಳ ಕಿಟಕಿಯಲ್ಲಿ ತೂಗುವ ತಟ್ಟೆಗಳನ್ನು ನೋಡುತ್ತ ನಾನು ಪೂರಿ ತಿನ್ನುತ್ತಿದ್ದೆ. ಒಂದು ದಿನ ನಮ್ಮ ಕಾರಿನ ಕಿಟಕಿಗೂ ತಟ್ಟೆ ಸಿಕ್ಕಿಸಬೇಕು ಎಂದುಕೊಂಡಿದ್ದೆ. ನಾನು ಕಾರು ಕೊಂಡದ್ದು 2009ರಲ್ಲಿ. ಡ್ರೈವ್‌ಇನ್ ಮುಚ್ಚಿದ್ದು 2008ರಲ್ಲಿ.

ಕಾರು ಫೋರ್ಡ್ ಐಕಾನ್, 1.6 ಲೀಟರ್ ಪೆಟ್ರೋಲು, 2002ರದ್ದು, ಸೆಕೆಂಡ್ ಹ್ಯಾಂಡ್. ನಮ್ಮ ಜಿ.ಎಸ್.ಟಿ. ರಸ್ತೆಯ ಮರೈಮಲೈ ನಗರದ ಕಾರ್ಖಾನೆಯಲ್ಲೇ ಹುಟ್ಟಿದ್ದು. ಟಿ.ವಿ.ಯಲ್ಲಿ ಅದನ್ನು ‘ಜೋಶ್ ಮಷೀನ್’ ಎಂದು ಮಾರುತ್ತಿದ್ದರು. ತೊಂಬತ್ತರ ಆಸುಪಾಸಿನ ಕುದುರೆಶಕ್ತಿ, ಆ ಕಾಲಕ್ಕೆ ಕಮ್ಮಿಯೇನಲ್ಲ. ನನ್ನ ಕೈಗೆ ಬರುವಷ್ಟರಲ್ಲಿ ಜೋಶ್ ಹೋಗಿ ಮಷೀನ್ ಮಾತ್ರ ಉಳಿದಿತ್ತು. ಸರಿ, ಆ ಶೋಳಾವರಂ ದನಿಯನ್ನಾದರೂ ಇದಕ್ಕೆ ಕೊಡಿಸೋಣ ಎಂಬುದು ನನ್ನ ಯೋಜನೆ.

ಓದಿಕೊಂಡೆ, ಬ್ಯಾಂಕಿನವರು ಓದುವ ಹಾಗೆ, ಲೆಕ್ಕ ಬರೆದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ತೂಕದಲ್ಲಿ ಇದು ಸಣ್ಣ ಮಾತೆನಿಸುತ್ತದೆ, ಅಳತೆಗೆ ತಿರುಗಿಸಿದರೆ ಗಾಬರಿಯಾಗುತ್ತದೆ: ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಸಾವಿರ ಲೀಟರಿಗೂ ಮಿಕ್ಕಿ ಗಾಳಿ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ನೀರಿನ ಲಾರಿ ಇದೆಯಲ್ಲ, ಅದರ ತೊಟ್ಟಿ ತುಂಬ. ಟಿ. ನಗರಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಕಾರು ಇಂಥ ಅರ್ಧ ಲಾರಿ ಗಾಳಿ ನುಂಗುತ್ತದೆ. ಅದು ಒಳಗೆ ಹೋಗುವ ದಾರಿಯಾದರೋ ಕಂಪನಿಯವರು ಇಟ್ಟ ಒಂದು ಕರಿ ಪ್ಲಾಸ್ಟಿಕ್ ಡಬ್ಬ, ಒಳಗೆ ಕಾಗದದ ಫಿಲ್ಟರು, ಮುಂದಕ್ಕೊಂದು ಚಪ್ಪಟೆ ಕೊಳವೆ. ದಾರಿ ಅಗಲ ಮಾಡಿದರೆ ಗಾಳಿ ಜಾಸ್ತಿ, ಗಾಳಿ ಜಾಸ್ತಿಯಾದರೆ ಬಲ ಜಾಸ್ತಿ. ಇಷ್ಟು ಸರಳವಾದದ್ದು ಕಂಪನಿಯ ಇಂಜಿನಿಯರುಗಳಿಗೆ ಹೊಳೆದಿರಲಿಲ್ಲವೇ ಎಂಬ ಪ್ರಶ್ನೆ ನನಗೆ ಬರಲಿಲ್ಲ. ಸಾಲ ಕೇಳಲು ಬಂದವರನ್ನು ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದೆ.

ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರಿಗೆ ಹೆಸರುವಾಸಿಯಾದವರು ಕ್ಯಾಲಿಫೋರ್ನಿಯದ ಕೆ ಅಂಡ್ ಎನ್‌ನವರು. ಕೆನ್ ಮತ್ತು ನಾರ್ಮ್ ಎಂಬ ಇಬ್ಬರ ಹೆಸರಿನ ಮೊದಲಕ್ಷರ. ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿ ಸಾಲಿನಲ್ಲಿ (ಚೆನ್ನೈನವರಿಗೆ ಅದು ಜಿ.ಪಿ. ರೋಡ್, ಕಾರಿನ ಶೃಂಗಾರಕ್ಕೆ ಬೇಕಾದದ್ದೆಲ್ಲ ಸಿಗುವ ಜಾಗ) ನಾನು ಕೊಂಡದ್ದು ಅದರ ದೂರದ ನೆಂಟನನ್ನು. ಪೈಪು ಬಗ್ಗಿಸಿಕೊಟ್ಟದ್ದು ಅಂಬತ್ತೂರಿನ ಒಂದು ಸಣ್ಣ ಶೆಡ್ಡಿನಲ್ಲಿ. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗೆ ಕೂಡುವ ರಬ್ಬರ್ ಮೊಣಕೈ ಮಾತ್ರ ಎಲ್ಲೂ ಸಿಗಲಿಲ್ಲ. ಕಡೆಗೆ ಪುದುಪೇಟೆ. ಎಗ್ಮೋರಿನ ಹತ್ತಿರ, ಕೂವಂ ನದಿಯ ಮಗ್ಗುಲಿಗೆ, ಒಂದು ಅಂಗಡಿಯಲ್ಲಿ ಬರೀ ಬಾಗಿಲು, ಒಂದರಲ್ಲಿ ಬರೀ ಗೇರ್‌ಬಾಕ್ಸು, ಒಂದರಲ್ಲಿ ಮಾವಿನ ತೋರಣದ ಹಾಗೆ ಕಟ್ಟಿದ ಕನ್ನಡಿಗಳು. ಅಲ್ಲೊಬ್ಬರು ನನ್ನ ಪೈಪನ್ನು ಕಣ್ಣಲ್ಲೇ ಅಳೆದು, ರಬ್ಬರಿನ ಗುಡ್ಡೆಯೊಳಗೆ ಕೈ ಹಾಕಿ ಒಂದನ್ನು ಎಳೆದುಕೊಟ್ಟರು. ಯಾವ ಕಾರಿನದು ಎಂದರೆ “ಸೇರುತ್ತಾ ಇಲ್ವಾ ನೋಡಿ ಸಾರ್” ಎಂದರು. ಸೇರಿತು.

ಕೆಲಸ ನಡೆದದ್ದು ಮನೆಯ ಮುಂದಿನ ಪಾರ್ಕಿಂಗಿನಲ್ಲಿ, ಭಾನುವಾರ ಬೆಳಗ್ಗೆ ಆರಕ್ಕೆ. ಎಂಟರ ಮೇಲೆ ಬಾನೆಟ್ ಮುಟ್ಟಲು ಆಗದು. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚುವುದು ಮೊದಲ ಪಾಠ. ಅದಕ್ಕೂ ಹತ್ತರ ಸ್ಪ್ಯಾನರು, ಡಬ್ಬದ ಬೋಲ್ಟಿಗೂ ಹತ್ತರ ಸ್ಪ್ಯಾನರು. ಎರಡು ಬೋಲ್ಟು ಬಂದವು. ಮೂರನೆಯದು ಹನ್ನೊಂದು ವರ್ಷ ಹಿಡಿದಿದ್ದ ಜಾಗ ಬಿಡಲು ಒಪ್ಪಲಿಲ್ಲ. ಅಪ್ಪ ಒಳಗಿನಿಂದ ಕೊಬ್ಬರಿ ಎಣ್ಣೆ ತಂದು ನಾಲ್ಕು ಹನಿ ಬಿಟ್ಟು “ಕಾಫಿ ಕುಡಿದು ಬಾ” ಎಂದರು. ಬಂದು ತಿರುಗಿಸಿದೆ, ಬಂತು. ಡಬ್ಬ ಕೆಳಗಿನ ರಬ್ಬರ್ ಬುಷ್ಷುಗಳಿಂದ ಹಲ್ಲು ಕಿತ್ತ ಹಾಗೆ ಮೇಲೆದ್ದಿತು. ಅದರ ಹಿಂದೆ ಥ್ರಾಟಲ್ ಬಾಡಿಯ ಬಾಯಿ, ಹೊಳೆಯುವ ಹಿತ್ತಾಳೆ ಬಣ್ಣದ ತಟ್ಟೆ, ತೆರೆದುಕೊಂಡು ನಿಂತಿತ್ತು.

ಅಪ್ಪ ತಮ್ಮ ಹಳೇ ಪಂಚೆಯ ತುಂಡನ್ನು ಉಂಡೆ ಮಾಡಿ ಆ ಬಾಯಿಗೆ ತುರುಕಿದರು. ಯಾರೂ ಹೇಳಿಕೊಟ್ಟದ್ದಲ್ಲ. “ಪಾತ್ರೆ ತೆರೆದು ಬಿಡಬಾರ್ದು” ಎಂದರಷ್ಟೆ. ಹತ್ತು ನಿಮಿಷದಲ್ಲಿ ನನ್ನ ಬೆವರುಗೈಯಿಂದ ಒಂದು ನಟ್ಟು ಜಾರಿ ನೇರ ಆ ಬಟ್ಟೆಯ ಮೇಲೆ ಬಿತ್ತು. ಬಟ್ಟೆ ಇಲ್ಲದಿದ್ದರೆ ಈ ಬರಹ ಇಲ್ಲೇ ಮುಗಿಯುತ್ತಿತ್ತು.

ಹೊಸ ಪೈಪಿನ ಅಗಲವನ್ನು ನಾನು ಹೆಮ್ಮೆಯಿಂದ ತೋರಿಸಿದೆ. ಅಪ್ಪ ಬೆರಳು ಹಾಕಿ ಅಳೆದು ಹೋಟೆಲಿನ ಮರದ ಹುಡಿಯ ಒಲೆಯ ಕತೆ ತೆಗೆದರು. ಅರವತ್ತರ ದಶಕದ ಮಾತು. ತಗಡಿನ ಒಲೆಯ ನಡುವೆ ಒಂದು ದುಂಡು ಕೋಲು ನಿಲ್ಲಿಸಿ, ಸುತ್ತ ಸಾಮಿಲ್ಲಿನ ಹುಡಿಯನ್ನು ಒತ್ತಿ ಒತ್ತಿ ತುಂಬಿ, ಆಮೇಲೆ ಕೋಲು ಎಳೆದರೆ ಆ ತೂತೇ ಗಾಳಿಯ ದಾರಿ. ಕೆಳಗಿನ ಬಾಯಿಯಿಂದ ಬೆಂಕಿ ಕೊಡುವುದು. “ಕೋಲು ಸಪುರ ಆದ್ರೆ ಹೊಗೆ. ದಪ್ಪ ಆದ್ರೆ ಭಗ್ ಅಂತ ಉರಿದು ಹತ್ತು ಗಂಟೆಗೇ ಖಾಲಿ, ಮಧ್ಯಾಹ್ನದ ಸಾಂಬಾರಿಗೆ ಬೆಂಕಿಯೇ ಇಲ್ಲ. ನಮ್ಮ ಭಟ್ರು ಕೋಲು ಬೇರೆಯವರಿಗೆ ಮುಟ್ಟಲಿಕ್ಕೆ ಬಿಡ್ತಿರಲಿಲ್ಲ ಗೊತ್ತುಂಟಾ? ರಾತ್ರಿ ತಲೆಯಡಿ ಇಟ್ಟು ಮಲಗ್ತಿದ್ರು.”

ನಾನು ಕೇಳಿಸಿಕೊಂಡೆ, ಕ್ಲಿಪ್ಪು ಬಿಗಿ ಮಾಡಿದೆ.

ಮೊದಲ ಸಲ ಕೀ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ಟಿನ ಕೆಳಗಿನಿಂದ ಬಂತು ನೋಡಿ ಆ ದನಿ. ಶೋಳಾವರಂ ಅಲ್ಲ, ಶೋಳಾವರಂನ ಮೊಮ್ಮಗ. ನನ್ನ ಕಣ್ಣಲ್ಲಿ ನೀರು ಬಂದದ್ದು ಪೆಟ್ರೋಲ್ ವಾಸನೆಗೆ ಎಂದು ಹೇಳಿಕೊಂಡೆ. ಮೈಸೂರಿನವಳಾದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಏನ್ರೀ, ಕಾರು ಗೊರಕೆ ಹೊಡೀತಿದೆ” ಎಂದಳು.

ಹತ್ತು ನಿಮಿಷದಲ್ಲಿ ಅಪ್ಪನ ಮೂಗಿಗೆ ಸೀದ ಎಣ್ಣೆಯ ವಾಸನೆ ಬಡಿಯಿತು. ಒಂದು ರಬ್ಬರ್ ನಳಿಕೆ ಎಲ್ಲಿಗೂ ಸೇರದೆ ತೂಗುತ್ತಿತ್ತು. ಇಂಜಿನ್ನಿನ ಹೊಟ್ಟೆಯಲ್ಲಿ ಕೂಡುವ ಎಣ್ಣೆಯ ಆವಿಯನ್ನು ಮತ್ತೆ ಉಸಿರಿನ ದಾರಿಗೇ ಸೇರಿಸುವ ಬ್ರೀದರ್ ಪೈಪು. ಹಳೇ ಡಬ್ಬದಲ್ಲಿ ಅದಕ್ಕೊಂದು ಜಾಗವಿತ್ತು, ನನ್ನ ಹೊಸ ಪೈಪಿನಲ್ಲಿ ಇರಲಿಲ್ಲ. ಮತ್ತೆ ಎಲ್ಲ ಬಿಚ್ಚಿ, ಮೇಲ್ಮನೆಯವರ ಡ್ರಿಲ್ ಬೇಡಿ ತಂದು, ತೂತು ಕೊರೆದು, ಚೂರುಪಾರು ಒಳಗುಳಿಯದಂತೆ ಅಪ್ಪ ಅದನ್ನು ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ, ಮತ್ತೆ ಕೂರಿಸುವಾಗ ಮಧ್ಯಾಹ್ನ ಎರಡು. ನಾವಿಬ್ಬರೂ ಹಾಗೆ ಒಂದು ಇಡೀ ದಿನ ಒಟ್ಟಿಗೆ ಕೆಲಸ ಮಾಡಿದ್ದು ಅದೇ ಮೊದಲು. ಹೋಟೆಲಿನವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಏಳುವ ಮೊದಲು ಅಪ್ಪಂದಿರು ಹೋಗಿರುತ್ತಿದ್ದರು, ಮಲಗಿದ ಮೇಲೆ ಬರುತ್ತಿದ್ದರು.

ಮೇ ತಿಂಗಳು ಬಂತು. ಇಲ್ಲಿನವರು ಕತ್ತಿರಿ ಎನ್ನುವ ಅಗ್ನಿ ನಕ್ಷತ್ರದ ದಿನಗಳು. ಕಾರು ಗೊರಕೆ ಹೊಡೆಯುತ್ತಿತ್ತು, ಆದರೆ ಸಿಗ್ನಲ್ಲಿನಿಂದ ಹೊರಡುವಾಗ ಮೊದಲಿಗಿಂತ ಮಂಕು. ಅನುಮಾನ ಹುಟ್ಟಿ ರಿಚಿ ಸ್ಟ್ರೀಟಿನಲ್ಲಿ ಮೀನಿನ ತೊಟ್ಟಿಗೆ ಹಾಕುವ ಒಂದು ಡಿಜಿಟಲ್ ಥರ್ಮಾಮೀಟರ್ ಕೊಂಡೆ. ಅದರ ಉದ್ದ ವೈರಿನ ತುದಿಯನ್ನು ಫಿಲ್ಟರಿನ ಪಕ್ಕ ಕಟ್ಟಿ, ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿಗೆ ತಂದೆ. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ನನ್ನ ಹಳೇ ಪಾಸ್‌ಬುಕ್ಕಿನ ಹಿಂದೆ ಅಂಕಿ ಬರೆದುಕೊಂಡರು. ಹೊರಗೆ 38 ಡಿಗ್ರಿ. ಓಡುವಾಗ ಬಾನೆಟ್ಟಿನೊಳಗೆ 45. ಮೆಟ್ರೋ ರೈಲಿನ ಕೆಲಸಕ್ಕೆ ಅರ್ಧ ರಸ್ತೆ ಮುಚ್ಚಿದ್ದ ಕಾಲ. ಸಿಗ್ನಲ್ಲಿನಲ್ಲಿ ನಿಂತು ನಿಂತು 62.

ಬಿಸಿ ಗಾಳಿ ಹಗುರ. ಮೂರು ಡಿಗ್ರಿ ಏರಿದರೆ ನೂರಕ್ಕೆ ಒಂದು ಪಾಲು ಗಾಳಿ ಕಮ್ಮಿಯಾದ ಹಾಗೆ. ಲೆಕ್ಕ ಹಾಕಿದೆ: ಸಿಗ್ನಲ್ಲಿನಲ್ಲಿ ನನ್ನ ಕಾರು ಉಸಿರಾಡುತ್ತಿದ್ದದ್ದು ಹೊರಗಿನ ಗಾಳಿಗಿಂತ ನೂರಕ್ಕೆ ಏಳರಷ್ಟು ತೆಳ್ಳಗಿನದನ್ನು. ತೊಂಬತ್ತರಲ್ಲಿ ನೂರಕ್ಕೆ ಏಳು ಎಂದರೆ ಆರು ಕುದುರೆ. ಹೊಸ ಫಿಲ್ಟರ್ ಬಂದ ಪೆಟ್ಟಿಗೆಯ ಮೇಲೆ ಐದು ಕುದುರೆ ಹೆಚ್ಚುತ್ತದೆ ಎಂದು ಅಚ್ಚು ಹಾಕಿದ್ದರು. ಕಿತ್ತು ಅಟ್ಟದ ಮೇಲಿಟ್ಟಿದ್ದ ಕರಿ ಡಬ್ಬದ ಕೊಳವೆ ಹೆಡ್‌ಲೈಟಿನ ಹಿಂದಿನಿಂದ, ಬಾನೆಟ್ಟಿನ ಹೊರಗಿನ ಗಾಳಿಯನ್ನು ಎಳೆಯುತ್ತಿತ್ತು. ನಾನು ಅದನ್ನು ತೆಗೆದು ಇಂಜಿನ್ನಿನ ಒಲೆಯ ಪಕ್ಕಕ್ಕೇ ಮೂಗು ಕೂರಿಸಿದ್ದೆ. ಬಲ ಹೆಚ್ಚಿತೆಂದು ನಾನು ನಂಬಿದ್ದು ಕಿವಿಯ ಮಾತು ಕೇಳಿ; ಡಬ್ಬ ಮಾಡುತ್ತಿದ್ದ ಕೆಲಸದಲ್ಲಿ ಅರ್ಧ ಆ ದನಿಯನ್ನು ಅಡಗಿಸುವುದೇ ಆಗಿತ್ತು.

ಆಗಲೇ ಡಬ್ಬ ವಾಪಸ್ ಹಾಕಬಹುದಿತ್ತು. ದನಿ ಬಿಡಲು ಮನಸ್ಸಾಗಲಿಲ್ಲ. ಪರಿಹಾರ ಹೇಳಿದ್ದು ಅಪ್ಪ.

“ಒಲೆಗೆ ಗಾಳಿ ಕೆಳಗಿಂದ ಅಲ್ವಾ ಬರೂದು? ತಣ್ಣಗಿನ ಗಾಳಿ ಇರೂದೂ ಕೆಳಗೇ. ಮೂಗನ್ನು ಕೆಳಗೆ ಇಳಿಸು ಮಾರಾಯ.”

ಮಾತು ಸರಿಯಾಗಿತ್ತು. ಪೈಪಿಗೆ ಇನ್ನೊಂದು ಬಾಗು ಸೇರಿಸಿ, ಫಿಲ್ಟರನ್ನು ಬಂಪರಿನ ಹಿಂದೆ, ಫಾಗ್ ಲ್ಯಾಂಪಿನ ಮಗ್ಗುಲಿಗೆ ಇಳಿಸಿದೆವು. ಥರ್ಮಾಮೀಟರು ಸಿಗ್ನಲ್ಲಿನಲ್ಲೂ 43 ದಾಟಲಿಲ್ಲ. ಅಪ್ಪ ಪಾಸ್‌ಬುಕ್ಕಿನ ಹಿಂದೆ ಆ ಅಂಕಿಗೆ ಎರಡು ಗೀಟು ಎಳೆದರು. ಜಾಫರ್‌ಖಾನ್‌ಪೇಟೆಯಲ್ಲಿ ಗ್ಯಾರೇಜು ಇಟ್ಟಿದ್ದ ನಮ್ಮ ಮೆಕ್ಯಾನಿಕ್, ನಾವು ಭಾಯ್ ಎನ್ನುತ್ತಿದ್ದವರು, ಬಗ್ಗಿ ನೋಡಿ ನಕ್ಕರು. “ಮಳೆ ಶುರುವಾದ್ರೆ ಹಳೇ ಡಬ್ಬ ಹಾಕ್ಬಿಡಿ ಸಾರ್, ಇದು ನೀರು ಕುಡಿಯುತ್ತೆ” ಎಂದರು. ಚೆನ್ನೈನ ಮಳೆಗಾಲ ಅಕ್ಟೋಬರಿನಿಂದ ಡಿಸೆಂಬರು. ಮೊದಲ ವರ್ಷ ಅಕ್ಟೋಬರ್ ಒಂದಕ್ಕೇ ಅಪ್ಪ ಮಗ ಇಬ್ಬರೂ ಸೇರಿ ಡಬ್ಬ ಹಾಕಿದೆವು, ಸಂಕ್ರಾಂತಿಗೆ ಮತ್ತೆ ಮೂಗು. ಎರಡನೇ ವರ್ಷ ಸೋಮಾರಿತನ, ಏನೂ ಆಗಲಿಲ್ಲ. ಮೂರನೇ ವರ್ಷ ನೆನಪೇ ಆಗಲಿಲ್ಲ.

ಮೂರನೇ ವರ್ಷ 2015.

ನವೆಂಬರ್ ಮಧ್ಯದಲ್ಲಿ ಒಂದು ಸಂಜೆ, ದಿನವಿಡೀ ಹೊಯ್ದ ಮಳೆ ತುಸು ನಿಂತಿತ್ತು. ಟಿ. ನಗರದಿಂದ ಪಶ್ಚಿಮ ಮಾಂಬಲಕ್ಕೆ ರೈಲು ಹಳಿಯ ಕೆಳಗೆ ಹಾಯುವ ದುರೈಸ್ವಾಮಿ ಸಬ್‌ವೇ. ಮುಂದೆ ಒಂದು ಬಸ್ಸು ಇಳಿಯಿತು. ಬಸ್ಸು ಹೋದ ಮೇಲೆ ನಾನೂ ಹೋಗಬಹುದು ಎಂದು ಹಿಂದೆಯೇ ಇಳಿದೆ. ನೀರು ಬಂಪರಿಗೆ ಬಂತು. ಬಸ್ಸು ತಳ್ಳಿದ ಅಲೆ ಗೋಡೆಗೆ ಬಡಿದು ತಿರುಗಿ ಬಂತು. ಗೊರಕೆ ಒಮ್ಮೆ ಗುಳುಗುಳು ಎಂದದ್ದು ಕೇಳಿಸಿತು, ನೀರಿನಲ್ಲಿ ಮೂಗು ಹಿಡಿಯದೆ ಮುಳುಗಿದ ಮಗುವಿನ ಹಾಗೆ. ಆಮೇಲೆ ಟಕ್ ಎಂಬ ಒಂದು ಚಿಕ್ಕ ಸದ್ದು. ದೀಪಗಳು ಉರಿಯುತ್ತಲೇ ಇದ್ದವು. ಇಂಜಿನ್ ಇಲ್ಲ.

ಆಗ ಕೀ ತೆಗೆದು ಇಳಿದಿದ್ದರೆ ಸಾಕಿತ್ತು. ನಾನು ಮತ್ತೆ ಸ್ಟಾರ್ಟ್ ಮಾಡಿದೆ. ಇನ್ನೊಮ್ಮೆ ಟಕ್.

ನನ್ನ ಇಂಜಿನ್ನಿನ ಒಂದೊಂದು ಸಿಲಿಂಡರಿನಲ್ಲೂ ಪಿಸ್ಟನ್ ಮೇಲೇರಿ ನಿಂತಾಗ ಉಳಿಯುವ ಜಾಗ ಸುಮಾರು 50 ಸಿ.ಸಿ. ಒಂದು ಲೋಟ ಕಾಫಿಗೆ ಹಾಕುವ ಡಿಕಾಕ್ಷನ್ನಿನಷ್ಟು. ಗಾಳಿಯನ್ನು ಅಷ್ಟರೊಳಗೆ ಹಿಂಡಬಹುದು, ನೀರನ್ನು ಹಿಂಡಲಾಗುವುದಿಲ್ಲ. ಅದಕ್ಕಿಂತ ಒಂದೆರಡು ಚಮಚ ನೀರು ಹೆಚ್ಚು ಹೋದರೂ ಪಿಸ್ಟನ್ ನಿಲ್ಲುತ್ತದೆ, ಕೆಳಗಿನ ಕ್ರ್ಯಾಂಕ್ ನಿಲ್ಲುವುದಿಲ್ಲ, ನಡುವೆ ಸಿಕ್ಕಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪಕ್ಕದ ಬೀದಿಯ ಹುಡುಗರು ಸೊಂಟಮಟ್ಟದ ನೀರಿನಲ್ಲಿ ಕಾರನ್ನು ತಳ್ಳಿ ಮೇಲೆ ತಂದರು. ಮರುದಿನ ಭಾಯ್ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಇಂಜಿನ್ ತಿರುಗಿಸಿದಾಗ ಎರಡು ತೂತುಗಳಿಂದ ಕಂದು ನೀರು ಚಿಮ್ಮಿತು. ಎರಡು ರಾಡು ಬಗ್ಗಿದ್ದವು. ಅವರು ‘ನಾನು ಹೇಳಿದ್ದೆ’ ಎನ್ನಲಿಲ್ಲ. ಮೂಗನ್ನು ಬಿಚ್ಚಿ, ಒರೆಸಿ, ಒಂದು ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. “ಎರಡು ವಾರದಲ್ಲಿ ರೆಡಿ. ಬರುವಾಗ ಹಳೇ ಡಬ್ಬ ತಗೊಂಡ್ಬನ್ನಿ.”

ಮನೆಯಲ್ಲಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಮೇಲೆ ಇದ್ದಿದ್ರೆ ಕುಡೀತಿತ್ತಾ?” ಇಲ್ಲ ಎನ್ನಬೇಕಾಯಿತು. ಅವರು ಪೇಪರ್ ಓದಲು ಕೂತರು. ತುಂಬ ಹೊತ್ತು ಪುಟ ತಿರುಗಲಿಲ್ಲ.

ಡಿಸೆಂಬರ್ 1ರ ಮಳೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ತಾಂಬರಂನಲ್ಲಿ ಒಂದು ದಿನಕ್ಕೆ 49 ಸೆಂಟಿಮೀಟರ್. ಚೆಂಬರಂಬಾಕ್ಕಂ ಕೆರೆಯಿಂದ ರಾತ್ರಿ ಬಿಟ್ಟ ನೀರು 29,000 ಕ್ಯೂಸೆಕ್ಸ್ ಮುಟ್ಟಿತು. ಅಡ್ಯಾರ್ ನದಿ ಎರಡೂ ದಡ ಬಿಟ್ಟು ಹರಿಯಿತು. ಮರುದಿನ ‘ದಿ ಹಿಂದೂ’ ಬರಲಿಲ್ಲ. ಮರೈಮಲೈ ನಗರದ ಅಚ್ಚುಕೂಟಕ್ಕೆ ಕೆಲಸದವರಿಗೆ ತಲುಪಲಾಗಲಿಲ್ಲವಂತೆ. 1878ರಿಂದ ಮಳೆಗೆ ಪತ್ರಿಕೆ ನಿಂತದ್ದು ಅದೇ ಮೊದಲು. ಅಪ್ಪನಿಗೆ ಪ್ರವಾಹಕ್ಕಿಂತ ಪೇಪರ್ ಬಾರದ್ದೇ ಹೆಚ್ಚು ಭಯ ಹುಟ್ಟಿಸಿತು. ನಮ್ಮ ಮನೆಯೊಳಗೆ ಮೂರಡಿ ನೀರು. ಮೇಲಿನ ಮಹಡಿಯವರ ಮನೆಯಲ್ಲಿ, ಡ್ರಿಲ್ ಕೊಟ್ಟವರ ಮನೆಯಲ್ಲೇ, ನಾಲ್ಕು ದಿನ ಕರೆಂಟಿಲ್ಲದೆ ಕಳೆದೆವು.

ನೀರಿಳಿದ ಮೇಲೆ ಗ್ಯಾರೇಜಿಗೆ ಹೋದೆ. ಅದು ಅಡ್ಯಾರಿನ ದಂಡೆಗೆ ಹತ್ತಿರ. ಗೋಡೆಯ ಮೇಲೆ ನನ್ನ ತಲೆಗಿಂತ ಎತ್ತರಕ್ಕೆ ಕೆಸರಿನ ಗೆರೆ. ಹದಿನಾಲ್ಕು ಕಾರುಗಳು ಒಂದರ ಮೇಲೊಂದು ಒರಗಿದ್ದವು. ನನ್ನ ಕಾರಿನ ಇಂಜಿನ್ನು ಬಿಡಿಬಿಡಿಯಾಗಿ ಬೆಂಚಿನ ಮೇಲಿದ್ದದ್ದು ಈಗ ಬೆಂಚಿನ ಕೆಳಗಿತ್ತು. ಹೊಸ ರಾಡುಗಳನ್ನು ಹಾಕಿಯಾಗಿತ್ತು, ಸಿಲಿಂಡರಿನಲ್ಲಿ ಮರಳು ತುಂಬಿತ್ತು. ಭಾಯ್ ಬರಿಗಾಲಲ್ಲಿ ಸ್ಪ್ಯಾನರುಗಳನ್ನು ಬಕೆಟ್ಟಿನಲ್ಲಿ ತೊಳೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಗ್ಯಾರೇಜು. ನನ್ನ ಕಾರಿನ ಮಾತೆತ್ತಲು ನಾಲಿಗೆ ಬರಲಿಲ್ಲ. ನಾನೂ ಕೂತು ಸಾಕೆಟ್ಟುಗಳನ್ನು ತೊಳೆದುಕೊಟ್ಟೆ, ಎಂಟು, ಹತ್ತು, ಹನ್ನೆರಡು ಎಂದು ಜೋಡಿಸುತ್ತ. ಹತ್ತರದ್ದು ಸಿಗಲಿಲ್ಲ.

ಕಾರು ಜನವರಿಯಲ್ಲಿ ತೂಕಕ್ಕೆ ಹೋಯಿತು. ಕೊಂಡವರು ಪುದುಪೇಟೆಯವರು.

ಮನೆ ತೊಳೆದು ಅಟ್ಟ ಇಳಿಸುವಾಗ ಕರಿ ಡಬ್ಬ ಸಿಕ್ಕಿತು. ಪೇಪರಿನಲ್ಲಿ ಸುತ್ತಿ, ಸಣಬಿನ ದಾರ ಕಟ್ಟಿದ್ದರು ಅಪ್ಪ, ಹೋಟೆಲಿನ ಪಾರ್ಸೆಲ್ ಕಟ್ಟಿನಲ್ಲಿ. ಮನೆಯಲ್ಲಿ ನೆನೆಯದೆ ಉಳಿದ ಕೆಲವೇ ವಸ್ತುಗಳಲ್ಲಿ ಅದೊಂದು. ಬಿಚ್ಚಿ ಮೊದಲ ಸಲ ಸರಿಯಾಗಿ ನೋಡಿದೆ. ಕೊಳವೆಯ ಬಾಯಿ ಮೇಲ್ಮುಖವಾಗಿ ಬಾಗಿ ಮತ್ತೆ ಮುಂದಕ್ಕೆ ತಿರುಗಿತ್ತು. ಎರಚಲು ನೀರು ಏರಿ ಬರಬಾರದೆಂದು. ಡಬ್ಬದ ಬದಿಗೆ ಎಲ್ಲಿಗೂ ದಾರಿಯಿಲ್ಲದ ಒಂದು ಖಾಲಿ ಗೂಡು, ದನಿಯನ್ನು ನುಂಗಲು. ತಳದಲ್ಲಿ, ಕಡಲೆಕಾಳಿನಷ್ಟು ಒಂದು ತೂತು. ಅಪ್ಪ ಅದರ ಮೇಲೆ ಬೆರಳಿಟ್ಟು “ಇದೆಂತಕ್ಕೆ?” ಎಂದರು. ಹೇಗೋ ನೀರು ಬಂದರೆ ಬಸಿದು ಹೋಗಲಿ ಎಂದು, ಎಂದೆ. ಅವರು ಡಬ್ಬವನ್ನು ಮತ್ತೆ ಸುತ್ತಿ ಅಟ್ಟಕ್ಕೇರಿಸಿದರು. ಕಾರೇ ಇಲ್ಲದ ಮೇಲೆ ಅದೇಕೆ ಎಂದು ಯಾರೂ ಕೇಳಲಿಲ್ಲ.

2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಮರುವರ್ಷ ಒಬ್ಬ ಹುಡುಗ, ಇಂಜಿನಿಯರಿಂಗ್ ಕಡೆಯ ವರ್ಷದವನು, ಭಾಯ್ ಕೊಟ್ಟ ವಿಳಾಸ ಹಿಡಿದು ಬಂದ. ತಾತನ ಐಕಾನನ್ನು ರಿಪೇರಿ ಮಾಡಿಸುತ್ತಿದ್ದಾನಂತೆ. ಅಪ್ಪನಿಗೆ ಆಗ ಎಂಬತ್ತೆರಡು, ಸ್ಟೂಲು ಹತ್ತಬಾರದು. ಹತ್ತಿದರು. ಕರಿ ಡಬ್ಬ ಇಳಿಸಿ, ದಾರ ಬಿಚ್ಚಿ, ಪಂಚೆಯ ಅಂಚಿನಿಂದ ಒರೆಸಿ ಅವನ ಮುಂದಿಟ್ಟರು.

ಹುಡುಗ ಸಂಕೋಚದಿಂದ ನನ್ನ ಕಡೆ ತಿರುಗಿದ. “ಇದು ನನ್ನ ಹತ್ರ ಇದೆ ಸಾರ್. ನಿಮ್ಮ ಹತ್ರ ಒಂದು ಅಲ್ಯುಮಿನಿಯಂ ಪೈಪು, ಕೋನ್ ಫಿಲ್ಟರ್ ಇತ್ತಂತಲ್ಲ, ಭಾಯ್ ಹೇಳಿದ್ರು. ಸೌಂಡ್ ತುಂಬಾ ಚೆನ್ನಾಗಿತ್ತಂತೆ.”

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ವಾಹನದ ಮೂಲ ವಿನ್ಯಾಸ ಬದಲಿಸಿದರೆ ಒಂದೊಂದು ಬದಲಾವಣೆಗೆ ಐದು ಸಾವಿರ ದಂಡವಿದೆ ಎಂದೆ. ಗೊತ್ತು ಸಾರ್ ಎಂದ. ಚೀಲ ಮಂಚದ ಕೆಳಗೇ ಇತ್ತು. ತೆಗೆದುಕೊಟ್ಟೆ. ಹುಡುಗ ಪೈಪನ್ನು ಕಣ್ಣಿಗೆ ಹಿಡಿದು ಒಳಗೆ ನೋಡಿದ, ಬ್ರೀದರಿಗೆಂದು ಕೊರೆದ ತೂತಿನಲ್ಲಿ ಕಿರುಬೆರಳಿಟ್ಟು ನೋಡಿದ.

“ಎಲ್ಲಿ ಕೂರಿಸ್ತಿ?” ಎಂದರು ಅಪ್ಪ, ತಮ್ಮ ಹೋಟೆಲ್ ತಮಿಳಿನಲ್ಲಿ.

“ಬಂಪರಿನ ಹಿಂದೆ ತಾತ. ಕೆಳಗೆ ತಣ್ಣನೆ ಗಾಳಿ ಇರುತ್ತಲ್ಲ.”

ಅಪ್ಪ ಡಬ್ಬವನ್ನು ಎತ್ತಿ ಅವನ ಮಡಿಲಿಗೇ ಇಟ್ಟರು. “ಇದನ್ನೂ ತಗೊಂಡು ಹೋಗು. ಒಂದು ಹೆಚ್ಚಿಗೆ ಇರಲಿ.”

ಹುಡುಗ ಎಷ್ಟು ಕೊಡಲಿ ಎಂದ. ಪೈಪಿಗೆ ಐನೂರು ಎಂದೆ. ಡಬ್ಬಕ್ಕೆ ಅಪ್ಪ ದುಡ್ಡು ಮುಟ್ಟಲಿಲ್ಲ. ಸಣಬಿನ ದಾರ ಮಾತ್ರ ಸುತ್ತಿ ಜೇಬಿಗೆ ಹಾಕಿಕೊಂಡರು.